ತಿಳಿವಳಿಕೆಯ ಅಳತೆಗೋಲು: ದೊಡ್ಡ ಕರುಳಿನ ಕ್ಯಾನ್ಸರ್ ಮತ್ತು ಪ್ರಾಥಮಿಕ ವೈದ್ಯ

ದೊಡ್ಡ ಕರುಳಿನ ಮತ್ತು ಗುದನಾಳದ ಕ್ಯಾನ್ಸರಿನ ಸ್ಕ್ರೀನಿಂಗ್ ಕುರಿತು ಪ್ರಾಥಮಿಕ ವೈದ್ಯರಿಗೆ, ಅಂದರೆ ರೋಗಿ ಮೊಟ್ಟಮೊದಲು ಕಾಣುವ ಕುಟುಂಬ ವೈದ್ಯರಿಗೆ ಮತ್ತು ಆರೋಗ್ಯ ಕೇಂದ್ರಗಳ ವೈದ್ಯಾಧಿಕಾರಿಗಳಿಗೆ, ಎಷ್ಟು ಗೊತ್ತಿದೆ ಎಂಬ ಪ್ರಶ್ನೆಯನ್ನು ಹಲವು ದೇಶಗಳ ಸಂಶೋಧಕರು ಕೇಳುತ್ತಲೇ ಬಂದಿದ್ದಾರೆ. ಕೇಳುವ ಕ್ರಮ ಬಹುಮಟ್ಟಿಗೆ ಒಂದೇ: ತಪಾಸಣೆ ಯಾವ ವಯಸ್ಸಿಗೆ ಆರಂಭವಾಗಬೇಕು, ಎಷ್ಟು ವರ್ಷಕ್ಕೊಮ್ಮೆ ನಡೆಯಬೇಕು, ಯಾವ ವಯಸ್ಸಿಗೆ ನಿಲ್ಲಬೇಕು ಎಂಬ ಪ್ರಶ್ನಾವಳಿಯನ್ನು ವೈದ್ಯರ ಕೈಗಿತ್ತು, ಸರಿಯುತ್ತರಗಳನ್ನು ಎಣಿಸಿ ಅಂಕ ಕೊಡುವುದು. ಅಂಕಗಳು ಸಾಮಾನ್ಯವಾಗಿ ಕಡಿಮೆಯೇ ಬರುತ್ತವೆ. ವೈದ್ಯರಿಗೆ ಇನ್ನಷ್ಟು ತರಬೇತಿ ಬೇಕೆಂಬ ಶಿಫಾರಸಿನೊಂದಿಗೆ ವರದಿ ಮುಗಿಯುತ್ತದೆ. ಈ ಅಳತೆಗೋಲು ಪೂರ್ತಿ ನಿರುಪಯುಕ್ತವೆನ್ನುವಂತಿಲ್ಲವಾದರೂ ಅದು ಮುಖ್ಯವಾಗಿ ಅಳೆಯುವುದು ವೈದ್ಯನ ನೆನಪಿನ ಶಕ್ತಿಯನ್ನು. ಯಾರಿಗೆ ಸ್ಕ್ರೀನಿಂಗ್ ಸಲ್ಲುತ್ತದೆ, ಯಾರಿಗೆ ಸಲ್ಲದು, ಫಲಿತಾಂಶ ಪಾಸಿಟಿವ್ ಬಂದರೆ ಮುಂದಿನ ಹೆಜ್ಜೆ ಯಾವುದು, ಆ ಹೆಜ್ಜೆಯನ್ನು ರೋಗಿ ನಿಜಕ್ಕೂ ಇಟ್ಟನೇ ಎಂಬ ಪ್ರಶ್ನೆಗಳಿಗೆ ಉತ್ತರಿಸಬಲ್ಲ ತಿಳಿವಳಿಕೆ ಬೇರೆಯದೇ ಬಗೆಯದು, ಮತ್ತು ರೋಗಿಯ ಪ್ರಾಣ ನಿಂತಿರುವುದು ಅದರ ಮೇಲೆ. ಆ ತಿಳಿವಳಿಕೆ ದೇಶದಿಂದ ದೇಶಕ್ಕೆ ಬದಲಾಗುತ್ತದೆ ಎಂಬ ಸಂಗತಿಯನ್ನು ಪ್ರಶ್ನಾವಳಿಗಳು ಬಹುತೇಕ ಮರೆತೇಬಿಟ್ಟಿವೆ.

ಸ್ಕ್ರೀನಿಂಗ್ ಎಂದರೆ ರೋಗದ ಯಾವ ಲಕ್ಷಣವೂ ಇಲ್ಲದೆ ಆರೋಗ್ಯವಂತರೆಂದೇ ಓಡಾಡಿಕೊಂಡಿರುವ ಜನರ ನಡುವೆ ರೋಗ ಅಡಗಿರಬಹುದಾದವರನ್ನು ಸರಳ ಪರೀಕ್ಷೆಯೊಂದರಿಂದ ಬೇರ್ಪಡಿಸುವ ಕೆಲಸ. ಅದು ರೋಗನಿರ್ಣಯವಲ್ಲ, ರೋಗನಿರ್ಣಯದ ಪರೀಕ್ಷೆ ಯಾರಿಗೆ ಬೇಕು ಎಂಬುದನ್ನಷ್ಟೇ ಅದು ಹೇಳುತ್ತದೆ. ಇಂಥ ಕೆಲಸಕ್ಕೆ ದೊಡ್ಡ ಕರುಳಿನ ಕ್ಯಾನ್ಸರಿನಷ್ಟು ಒಗ್ಗುವ ಕಾಯಿಲೆ ಅಪರೂಪ. ಈ ಕ್ಯಾನ್ಸರಿನ ಬಹುಪಾಲು ಕರುಳಿನ ಒಳಪದರದ ಮೇಲೆ ಏಳುವ ಪಾಲಿಪ್ ಎಂಬ ಸಣ್ಣ ಗಂಟಿನಿಂದ, ಅದರಲ್ಲೂ ಗ್ರಂಥಿಕೋಶಗಳಿಂದ ಹುಟ್ಟುವ ಅಡಿನೋಮಾ ಎಂಬ ಬಗೆಯಿಂದ ಬೆಳೆಯುತ್ತದೆ. ಅಡಿನೋಮಾ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಒಂದೊಂದೇ ಜೀನು ಕೆಡುತ್ತ ಗಂಟು ಹೇಗೆ ಕ್ಯಾನ್ಸರ್ ಆಗುತ್ತದೆಂಬುದನ್ನು ಎರಿಕ್ ಫಿಯರಾನ್ ಮತ್ತು ಬರ್ಟ್ ವೋಗಲ್‌ಸ್ಟೈನ್ 1990ರಲ್ಲಿ ಮಂಡಿಸಿದ ಮಾದರಿ ವಿವರಿಸಿತು. ಇಷ್ಟು ದೀರ್ಘವಾದ ಮೌನಾವಧಿಯಲ್ಲಿ ಗಂಟನ್ನು ಕಂಡು ಕತ್ತರಿಸಿ ತೆಗೆದರೆ ಕ್ಯಾನ್ಸರ್ ಹುಟ್ಟುವುದನ್ನೇ ತಡೆಯಬಹುದು. ಹಾಗಿದ್ದರೂ 2022ರ ಜಾಗತಿಕ ಅಂದಾಜಿನಂತೆ ಆ ಒಂದೇ ವರ್ಷ 19 ಲಕ್ಷಕ್ಕೂ ಹೆಚ್ಚು ಮಂದಿಗೆ ಹೊಸದಾಗಿ ಈ ರೋಗ ಬಂದು ಸುಮಾರು 9 ಲಕ್ಷ ಮಂದಿ ಸತ್ತರು.

ಸ್ಕ್ರೀನಿಂಗ್‌ನಿಂದ ಜೀವ ಉಳಿಯುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಬಂದದ್ದು ದುಬಾರಿ ಯಂತ್ರದಿಂದಲ್ಲ, ಕಾಗದದ ಪಟ್ಟಿಯಿಂದ. ಗುಯಾಕಮ್ ಎಂಬ ಮರದ ಅಂಟನ್ನು ಲೇಪಿಸಿದ ಕಾಗದಕ್ಕೆ ಮಲವನ್ನು ಸವರಿ ಹೈಡ್ರೋಜನ್ ಪೆರಾಕ್ಸೈಡ್ ಹನಿಸಿದಾಗ, ಮಲದಲ್ಲಿ ಕಣ್ಣಿಗೆ ಕಾಣದಷ್ಟು ರಕ್ತವಿದ್ದರೂ ಕಾಗದ ನೀಲಿಗೆ ತಿರುಗುತ್ತದೆ. ಅಮೆರಿಕದ ಒಹಾಯೊ ರಾಜ್ಯದ ಡೇವಿಡ್ ಗ್ರೀಗರ್ ಎಂಬ ವೈದ್ಯರು ಮನೆಯಲ್ಲೇ ಮಾದರಿ ತೆಗೆದು ಕಳಿಸಬಹುದಾದ ಇಂಥ ಪಟ್ಟಿಯ ಬಳಕೆಯನ್ನು 1967ರಲ್ಲಿ ವರದಿ ಮಾಡಿದರು. ಮಿನ್ನೆಸೋಟಾದಲ್ಲಿ 46,551 ಮಂದಿಯನ್ನು ಸೇರಿಸಿಕೊಂಡು ನಡೆಸಿದ ಪ್ರಯೋಗದ ಫಲಿತಾಂಶ 1993ರಲ್ಲಿ ಪ್ರಕಟವಾದಾಗ, ಪ್ರತಿ ವರ್ಷ ಈ ಪರೀಕ್ಷೆಗೆ ಒಳಗಾಗುವಂತೆ ನಿಯೋಜಿಸಲಾಗಿದ್ದವರ ಗುಂಪಿನಲ್ಲಿ ಹದಿಮೂರು ವರ್ಷಗಳ ಅವಧಿಯಲ್ಲಿ ಈ ಕ್ಯಾನ್ಸರಿನಿಂದಾದ ಸಾವಿನ ಪ್ರಮಾಣ ಸಾವಿರಕ್ಕೆ 8.83ರಿಂದ 5.88ಕ್ಕೆ, ಅಂದರೆ ಮೂರನೇ ಒಂದರಷ್ಟು, ಇಳಿದಿರುವುದು ಕಂಡಿತು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಮತ್ತು ಡೆನ್ಮಾರ್ಕಿನ ಫ್ಯೂನೆನ್‌ನಲ್ಲಿ ಎರಡು ವರ್ಷಕ್ಕೊಮ್ಮೆ ಇದೇ ಪರೀಕ್ಷೆ ನಡೆಸಿದ ಪ್ರಯೋಗಗಳು 1996ರಲ್ಲಿ ಕ್ರಮವಾಗಿ ಶೇ. 15 ಮತ್ತು ಶೇ. 18ರ ಇಳಿಕೆಯನ್ನು ತೋರಿಸಿದವು.

ಆ ಕಾಗದದ ಪರೀಕ್ಷೆಗೆ ತನ್ನದೇ ಮಿತಿಗಳಿದ್ದವು. ಅದು ರಕ್ತದ ಹೀಮ್ ಅಂಶಕ್ಕೆ ಪ್ರತಿಕ್ರಿಯಿಸುವುದರಿಂದ ರೋಗಿ ತಿಂದ ಕೆಂಪು ಮಾಂಸವೂ ಹುಸಿ ಪಾಸಿಟಿವ್ ಕೊಡಬಲ್ಲದು. ವಿಟಮಿನ್ ಸಿ ಹೆಚ್ಚಾಗಿ ಸೇವಿಸಿದ್ದರೆ ಇರುವ ರಕ್ತವೂ ಅಡಗಬಹುದು. ಅದರ ಜಾಗಕ್ಕೆ ಬಂದ ಫಿಟ್ ಎಂಬ ಪರೀಕ್ಷೆಯು ಮನುಷ್ಯರ ಹಿಮೋಗ್ಲೋಬಿನ್ನಿನ ಪ್ರೋಟೀನನ್ನಷ್ಟೇ ಗುರುತಿಸುವ ಪ್ರತಿಕಾಯವನ್ನು ಬಳಸುವುದರಿಂದ ಪಥ್ಯದ ಗೊಡವೆಯಿಲ್ಲ. ಇನ್ನೊಂದು ದಾರಿ ಕೊಲೊನೋಸ್ಕೋಪಿ: ತುದಿಯಲ್ಲಿ ಕ್ಯಾಮೆರಾ ಇರುವ ಬಾಗುವ ಕೊಳವೆಯನ್ನು ಗುದದ್ವಾರದ ಮೂಲಕ ದೊಡ್ಡ ಕರುಳಿನ ಇನ್ನೊಂದು ತುದಿಯವರೆಗೆ ತೂರಿಸಿ ನೋಡುವುದು, ಪಾಲಿಪ್ ಕಂಡರೆ ತಂತಿಯ ಕುಣಿಕೆಯಿಂದ ಅಲ್ಲೇ ಕತ್ತರಿಸುವುದು. ನ್ಯೂಯಾರ್ಕಿನ ವಿಲಿಯಂ ವುಲ್ಫ್ ಮತ್ತು ಹಿರೋಮಿ ಶಿನ್ಯಾ 1969ರಲ್ಲಿ ಇದನ್ನು ಸಾಧಿಸಿ ತೋರಿಸಿದ ಮೇಲೆ, ಹೊಟ್ಟೆ ಕೊಯ್ಯದೆ ಗಂಟು ತೆಗೆಯುವುದು ವೈದ್ಯಕೀಯದ ನಿತ್ಯದ ಕೆಲಸವಾಯಿತು. ಮಲ ಪರೀಕ್ಷೆಯ ಎಲ್ಲ ಹಾದಿಗಳೂ ಕೊನೆಗೆ ಕೊಲೊನೋಸ್ಕೋಪಿಯ ಬಾಗಿಲಿಗೇ ಬಂದು ಸೇರುತ್ತವೆ ಎಂಬುದನ್ನು ಇಲ್ಲಿ ಗಮನದಲ್ಲಿಡಬೇಕು. ಪಾಸಿಟಿವ್ ಬಂದವರು ಆ ಬಾಗಿಲನ್ನು ದಾಟದಿದ್ದರೆ ಮಲ ಪರೀಕ್ಷೆ ನಡೆದೂ ನಡೆಯದಂತೆಯೇ.

ಈ ಹಿನ್ನೆಲೆಯಲ್ಲಿ ಅಮೆರಿಕದ ಪ್ರಾಥಮಿಕ ವೈದ್ಯರ ಕುರಿತ ಅಧ್ಯಯನಗಳನ್ನು ಓದಿದರೆ, ಯಾವ ಬಗೆಯ ಅಜ್ಞಾನ ಎಷ್ಟು ಹಾನಿಕರ ಎಂಬ ವ್ಯತ್ಯಾಸ ಎದ್ದು ಕಾಣುತ್ತದೆ. 2006–07ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯೊಂದರ ಉತ್ತರಗಳನ್ನು ಮಾರ್ಗಸೂಚಿಗಳೊಂದಿಗೆ ಹೋಲಿಸಿದ ವಿಶ್ಲೇಷಣೆ 2011ರಲ್ಲಿ ಪ್ರಕಟವಾಯಿತು. ತಾವು ಶಿಫಾರಸು ಮಾಡುವ ಎಲ್ಲ ಪರೀಕ್ಷೆಗಳ ವಿಷಯದಲ್ಲೂ ಆರಂಭದ ವಯಸ್ಸು ಮತ್ತು ಅಂತರ ಎರಡನ್ನೂ ಸರಿಯಾಗಿ ಹೇಳಿದವರು ಐವರಲ್ಲಿ ಒಬ್ಬರಿಗಿಂತ ತುಸು ಕಡಿಮೆ, ಶೇ. 19ರಷ್ಟು ಮಾತ್ರ. ಅಂಕಿ ಬೆಚ್ಚಿಬೀಳಿಸುವಂತಿದೆ, ಆದರೆ ಐದು ವರ್ಷಕ್ಕೊಮ್ಮೆ ಎನ್ನಬೇಕಾದ ಕಡೆ ಮೂರು ವರ್ಷಕ್ಕೊಮ್ಮೆ ಎಂದ ವೈದ್ಯನಿಂದ ರೋಗಿಗೆ ಆಗುವ ನಷ್ಟ ಅನಗತ್ಯ ಖರ್ಚು ಮತ್ತು ಕಿರಿಕಿರಿ, ಜೀವಕ್ಕೆ ಕುತ್ತಲ್ಲ. ನಿಜವಾಗಿ ಗಾಬರಿ ಹುಟ್ಟಿಸಬೇಕಾದ ಅಂಕಿಗಳು ಅದಕ್ಕೂ ಮೊದಲೇ, 2005ರಲ್ಲಿ ಹೊರಬಂದಿದ್ದವು. 1999–2000ರ ಸಮೀಕ್ಷೆಯನ್ನು ಆಧರಿಸಿದ ಆ ವರದಿಯ ಪ್ರಕಾರ ಮಲದ ರಕ್ತಪರೀಕ್ಷೆ ಮಾಡಿಸುತ್ತಿದ್ದ ಪ್ರಾಥಮಿಕ ವೈದ್ಯರಲ್ಲಿ ಸುಮಾರು ಮೂರನೇ ಒಂದರಷ್ಟು ಮಂದಿ ರೋಗಿಯ ಕೈಗೆ ಪಟ್ಟಿ ಕೊಟ್ಟು ಮನೆಗೆ ಕಳಿಸುವ ಬದಲು, ತಮ್ಮ ಕೊಠಡಿಯಲ್ಲೇ ಬೆರಳಿನಿಂದ ಗುದನಾಳ ಪರೀಕ್ಷಿಸುವಾಗ ಅಂಟಿದ ಒಂದೇ ಮಾದರಿಯನ್ನು ಪಟ್ಟಿಗೆ ಸವರಿ ಕೆಲಸ ಮುಗಿಸುತ್ತಿದ್ದರು. ಫಲಿತಾಂಶ ಪಾಸಿಟಿವ್ ಬಂದಾಗ ಕೊಲೊನೋಸ್ಕೋಪಿಗೆ ಕಳಿಸದೆ ಅದೇ ಮಲ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಿ ನೋಡೋಣ ಎನ್ನುತ್ತಿದ್ದವರು ಹತ್ತರಲ್ಲಿ ಸುಮಾರು ಮೂವರು.

ಮೊದಲ ತಪ್ಪಿನ ಬೆಲೆ ಎಷ್ಟೆಂಬುದನ್ನು ಅದೇ ವರ್ಷ ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳ ಅಧ್ಯಯನವೊಂದು ಲೆಕ್ಕ ಹಾಕಿ ಹೇಳಿತು. ಎಲ್ಲರಿಗೂ ಕೊಲೊನೋಸ್ಕೋಪಿ ಮಾಡಿಸಿ ಹೋಲಿಸಿದಾಗ, ಮುಂದುವರಿದ ಗಂಟು ಅಥವಾ ಕ್ಯಾನ್ಸರ್ ಇದ್ದ ನೂರು ಜನರಲ್ಲಿ ಬೆರಳಿನ ಒಂದೇ ಮಾದರಿ ಹಿಡಿದದ್ದು ಐದಕ್ಕೂ ಕಡಿಮೆ ಮಂದಿಯನ್ನು; ಮನೆಯಲ್ಲಿ ಬೇರೆಬೇರೆ ದಿನ ತೆಗೆದ ಆರು ಮಾದರಿಗಳು ಹಿಡಿದದ್ದು ಸುಮಾರು ಇಪ್ಪತ್ತನಾಲ್ಕು ಮಂದಿಯನ್ನು. ಗಂಟುಗಳು ಎಡೆಬಿಡದೆ ರಕ್ತ ಸುರಿಸುವುದಿಲ್ಲ, ಬಿಟ್ಟುಬಿಟ್ಟು ಒಸರುತ್ತವೆ ಎಂಬ ಸರಳ ಸಂಗತಿ ಗೊತ್ತಿದ್ದ ವೈದ್ಯನಿಗೆ ಈ ಎರಡೂ ತಪ್ಪುಗಳು ತಾವಾಗಿಯೇ ತಪ್ಪೆಂದು ಹೊಳೆಯುತ್ತವೆ: ಒಂದು ಮಾದರಿ ಸಾಲದು, ಮತ್ತು ಒಮ್ಮೆ ಕಂಡ ರಕ್ತ ಮರುಪರೀಕ್ಷೆಯಲ್ಲಿ ಕಾಣದಿದ್ದರೆ ಮೊದಲನೆಯದು ಸುಳ್ಳಾಗುವುದಿಲ್ಲ. ಮಾರ್ಗಸೂಚಿಯ ಕೋಷ್ಟಕವನ್ನು ಬಾಯಿಪಾಠ ಮಾಡಿದವನಿಗಿಂತ ಈ ಕಾರಣವನ್ನು ಅರಿತವನು ರೋಗಿಗೆ ಹೆಚ್ಚು ಉಪಕಾರಿ. ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಅವರ ಪ್ರಕರಣವನ್ನು ನೆನೆದರೆ ಇಂಥ ವಿಳಂಬ ಸಣ್ಣ ಊರಿನ ಚಿಕಿತ್ಸಾಲಯಗಳಿಗೆ ಮೀಸಲಲ್ಲವೆಂಬುದು ತಿಳಿಯುತ್ತದೆ. 1984ರಲ್ಲೇ ಅವರ ಕರುಳಿನಲ್ಲಿ ಒಂದು ಪಾಲಿಪ್ ಕಂಡಿತ್ತು. 1985ರ ಮಾರ್ಚ್ ತಿಂಗಳ ತಪಾಸಣೆಯಲ್ಲಿ ಇನ್ನೊಂದರ ಜೊತೆಗೆ ಮಲದಲ್ಲಿ ರಕ್ತದ ಸುಳಿವೂ ಸಿಕ್ಕಿತ್ತು. ಆದರೂ ಇಡೀ ದೊಡ್ಡ ಕರುಳನ್ನು ನೋಡಿದ್ದು ಜುಲೈನಲ್ಲಿ, ಮತ್ತು ಆಗ ಕರುಳಿನ ಬಲಬದಿಯ ಆರಂಭದಲ್ಲಿ ಸಿಕ್ಕ ದೊಡ್ಡ ಗಂಟಿನಲ್ಲಿ ಕ್ಯಾನ್ಸರ್ ಇತ್ತು. ಜಗತ್ತಿನ ಅತ್ಯಂತ ಕಾವಲಿನ ರೋಗಿಗೂ ಪಾಸಿಟಿವ್ ಫಲಿತಾಂಶ ಮತ್ತು ಪೂರ್ಣ ಪರೀಕ್ಷೆಯ ನಡುವೆ ತಿಂಗಳುಗಳು ಜಾರಿಹೋಗಿದ್ದವು.

ಇಷ್ಟಾಗಿಯೂ ವೈದ್ಯರ ತಪ್ಪಿಗೆಲ್ಲ ವೈದ್ಯರನ್ನೇ ಹೊಣೆ ಮಾಡುವುದು ನ್ಯಾಯವಲ್ಲ. ಅಮೆರಿಕದಲ್ಲಿ ಮಾರ್ಗಸೂಚಿ ಹೊರಡಿಸುವ ಸಂಸ್ಥೆಗಳು ಒಂದಕ್ಕಿಂತ ಹೆಚ್ಚು. ಐವತ್ತು ವರ್ಷಕ್ಕಿಂತ ಕಿರಿಯರಲ್ಲಿ ರೋಗ ಹೆಚ್ಚುತ್ತಿರುವುದನ್ನು ಕಂಡು ಅಮೆರಿಕನ್ ಕ್ಯಾನ್ಸರ್ ಸೊಸೈಟಿ 2018ರಲ್ಲಿ ಆರಂಭದ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿದರೆ, ಅಲ್ಲಿನ ತಡೆಗಟ್ಟುವ ಸೇವೆಗಳ ಕಾರ್ಯಪಡೆ ಅದೇ ಮಾತನ್ನು ಹೇಳಿದ್ದು 2021ರಲ್ಲಿ. ನಡುವಿನ ಮೂರು ವರ್ಷ ಪ್ರಶ್ನಾವಳಿಗೆ ಉತ್ತರಿಸಿದ ವೈದ್ಯನ ಯಾವ ಉತ್ತರ ಸರಿ, ಯಾವುದು ತಪ್ಪು? ಅದಕ್ಕಿಂತ ಆಳವಾದ ತೊಡಕು ಕೊಲೊನೋಸ್ಕೋಪಿಗೆ ಅಂಟಿಕೊಂಡ ಪ್ರತಿಷ್ಠೆ. ಅದೇ ಶ್ರೇಷ್ಠ, ಉಳಿದವು ಬಡವರ ಪಾಲಿಗೆ ಎಂಬ ಭಾವನೆ ಅಮೆರಿಕದ ವೈದ್ಯರಲ್ಲಿ ಬೇರೂರಿದ್ದರಿಂದ ಅನೇಕರು ರೋಗಿಗೆ ಆಯ್ಕೆಯನ್ನೇ ಕೊಡುತ್ತಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕೊಲೊನೋಸ್ಕೋಪಿಯೊಂದನ್ನೇ ಸೂಚಿಸಿದವರಲ್ಲಿ ತಪಾಸಣೆ ಮುಗಿಸಿದ್ದು ಶೇ. 38 ಮಂದಿ, ಮಲ ಪರೀಕ್ಷೆ ಸೂಚಿಸಿದವರಲ್ಲಿ ಶೇ. 67, ಎರಡರ ಆಯ್ಕೆ ಕೊಟ್ಟವರಲ್ಲಿ ಶೇ. 69. ಪೋಲೆಂಡ್, ನಾರ್ವೆ ಮತ್ತು ಸ್ವೀಡನ್‌ಗಳಲ್ಲಿ ನಡೆದ ನಾರ್ಡಿಕ್ ಪ್ರಯೋಗ 2022ರಲ್ಲಿ ಇನ್ನೊಂದು ಪಾಠ ಕಲಿಸಿತು. ಕೊಲೊನೋಸ್ಕೋಪಿಗೆ ಆಹ್ವಾನಿತರಾದವರಲ್ಲಿ ಅದನ್ನು ಮಾಡಿಸಿಕೊಂಡವರು ಶೇ. 42, ಆಹ್ವಾನದಿಂದ ಹತ್ತು ವರ್ಷಗಳಲ್ಲಿ ಕ್ಯಾನ್ಸರ್ ತಗಲುವ ಸಂಭವ ಶೇ. 1.20ರಿಂದ 0.98ಕ್ಕೆ ಇಳಿಯಿತಾದರೂ ಸಾವಿನಲ್ಲಿ ಖಚಿತವೆನ್ನಬಹುದಾದ ಇಳಿಕೆ ಆ ಅವಧಿಯಲ್ಲಿ ಕಾಣಲಿಲ್ಲ. ಜನ ಮಾಡಿಸಿಕೊಳ್ಳದ ಶ್ರೇಷ್ಠ ಪರೀಕ್ಷೆಗಿಂತ ಮಾಡಿಸಿಕೊಳ್ಳುವ ಸಾಮಾನ್ಯ ಪರೀಕ್ಷೆ ಮೇಲು ಎಂಬುದನ್ನು ಅರಿತುಕೊಳ್ಳುವುದೂ ತಿಳಿವಳಿಕೆಯೇ, ಆದರೆ ಅದಕ್ಕೆ ಪ್ರಶ್ನಾವಳಿಯಲ್ಲಿ ಅಂಕವಿಲ್ಲ.

ವೈದ್ಯನ ನೆನಪನ್ನು ನೆಚ್ಚಿಕೊಳ್ಳದೆಯೂ ಕೆಲಸ ಸಾಗಬಲ್ಲದೆಂಬುದನ್ನು ಕೆಲವು ವ್ಯವಸ್ಥೆಗಳು ತೋರಿಸಿಕೊಟ್ಟಿವೆ. ಉತ್ತರ ಕ್ಯಾಲಿಫೋರ್ನಿಯಾದ ಕೈಸರ್ ಪರ್ಮನೆಂಟೆ ಎಂಬ ಆರೋಗ್ಯ ಸಂಸ್ಥೆ ತನ್ನ ಸದಸ್ಯರಲ್ಲಿ ತಪಾಸಣೆಯ ವಯಸ್ಸಿಗೆ ಬಂದವರ ಪಟ್ಟಿಯನ್ನು ಗಣಕದಿಂದ ತೆಗೆದು, ವೈದ್ಯರ ಭೇಟಿಗೆ ಕಾಯದೆ, ಫಿಟ್ ಪರೀಕ್ಷೆಯ ಕಿಟ್ಟನ್ನು ಅಂಚೆಯಲ್ಲಿ ಮನೆಗೇ ಕಳಿಸತೊಡಗಿತು. 2000ದಲ್ಲಿ ಶೇ. 39ರಷ್ಟಿದ್ದ ತಪಾಸಣೆಯ ಪ್ರಮಾಣ 2015ರ ವೇಳೆಗೆ ಶೇ. 83ರ ಸಮೀಪಕ್ಕೆ ಏರಿತು; ಇದೇ ಅವಧಿಯಲ್ಲಿ ಈ ಕ್ಯಾನ್ಸರಿನಿಂದಾಗುವ ಸಾವು ಅರ್ಧಕ್ಕಿಂತ ಹೆಚ್ಚು ಇಳಿಯಿತು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯೂ 2006ರಿಂದ ಇದೇ ಹಾದಿ ಹಿಡಿದು, 2019ರಲ್ಲಿ ಹಳೆಯ ಗುಯಾಕ್ ಪಟ್ಟಿಯ ಬದಲು ಫಿಟ್ ಬಳಸತೊಡಗಿತು. ಆಹ್ವಾನ, ಕಿಟ್, ಪ್ರಯೋಗಾಲಯ, ಮುಂದಿನ ಕೊಲೊನೋಸ್ಕೋಪಿಯ ಸಮಯ ನಿಗದಿ ಎಲ್ಲವನ್ನೂ ಕೇಂದ್ರಗಳೇ ನಿಭಾಯಿಸುವುದರಿಂದ, ಎರಡು ವರ್ಷಕ್ಕೊಮ್ಮೆಯೋ ಮೂರು ವರ್ಷಕ್ಕೊಮ್ಮೆಯೋ ಎಂಬುದನ್ನು ಅಲ್ಲಿನ ಕುಟುಂಬ ವೈದ್ಯ ಮರೆತರೂ ಯಾರಿಗೂ ತೊಂದರೆಯಿಲ್ಲ. ಹಾಗೆಂದು ವೈದ್ಯ ಅಪ್ರಸ್ತುತನಾಗಲಿಲ್ಲ. ಆಹ್ವಾನದ ಜೊತೆಗೆ ಪರಿಚಿತ ವೈದ್ಯರ ಸಮ್ಮತಿ ಪತ್ರವೊಂದನ್ನು ಸೇರಿಸಿದಾಗ ಭಾಗವಹಿಸುವವರ ಪ್ರಮಾಣ ಸುಮಾರು ಶೇ. 6ರಷ್ಟು ಏರಿತೆಂದು ಇಂಗ್ಲೆಂಡಿನ ಪ್ರಯೋಗವೊಂದು 2011ರಲ್ಲಿ ವರದಿ ಮಾಡಿದೆ.

ಅಂಥ ಸುವ್ಯವಸ್ಥಿತ ದೇಶದಲ್ಲೂ ವೈದ್ಯನ ತಲೆಯಲ್ಲೇ ಉಳಿಯಬೇಕಾದ ಒಂದು ತಿಳಿವಳಿಕೆ ಇದೆ. ಇಂಗ್ಲೆಂಡಿನ ಸ್ಕ್ರೀನಿಂಗ್ ಕಾರ್ಯಕ್ರಮ ಫಿಟ್‌ಗೆ ಬದಲಾದಾಗ, ಒಂದು ಗ್ರಾಂ ಮಲಕ್ಕೆ 120 ಮೈಕ್ರೋಗ್ರಾಂ ಅಥವಾ ಅದಕ್ಕೂ ಹೆಚ್ಚು ಹಿಮೋಗ್ಲೋಬಿನ್ ಇದ್ದರೆ ಮಾತ್ರ ಪಾಸಿಟಿವ್ ಎಂದು ಪರಿಗಣಿಸಲು ನಿರ್ಧರಿಸಿತು; ಮಿತಿಯನ್ನು ಅಷ್ಟು ಮೇಲಿಟ್ಟದ್ದಕ್ಕೆ ಕೊಲೊನೋಸ್ಕೋಪಿ ಮಾಡುವವರ ಕೊರತೆಯೇ ಮುಖ್ಯ ಕಾರಣ. ಆದರೆ ರಕ್ತಸ್ರಾವ, ಮಲವಿಸರ್ಜನೆಯ ರೂಢಿಯಲ್ಲಿ ಬದಲಾವಣೆ, ತೂಕ ಇಳಿಕೆ ಮುಂತಾದ ಲಕ್ಷಣಗಳೊಂದಿಗೆ ಬಂದ ರೋಗಿಗೆ ಅದೇ ಪರೀಕ್ಷೆಯನ್ನು ಮಾಡಿಸಿದಾಗ, ಕೇವಲ 10 ಮೈಕ್ರೋಗ್ರಾಂ ಕಂಡರೂ ತುರ್ತಾಗಿ ತಜ್ಞರ ಬಳಿ ಕಳಿಸಬೇಕೆಂದು ಅಲ್ಲಿನ ಮಾರ್ಗದರ್ಶನ ಹೇಳುತ್ತದೆ. ಒಂದೇ ಪರೀಕ್ಷೆ, ಹನ್ನೆರಡು ಪಟ್ಟು ಅಂತರದ ಎರಡು ಮಿತಿಗಳು. ಆರು ತಿಂಗಳ ಹಿಂದೆ ಸ್ಕ್ರೀನಿಂಗ್ ಪತ್ರದಲ್ಲಿ ‘ಹೆಚ್ಚಿನ ಪರೀಕ್ಷೆ ಬೇಕಿಲ್ಲ’ ಎಂದು ಬರೆದಿದ್ದುದನ್ನು ತೋರಿಸುವ ರೋಗಿ ಈಗ ರಕ್ತ ಹೋಗುತ್ತಿದೆ ಎಂದರೆ, ಆ ಪತ್ರಕ್ಕೆ ಇಂದಿನ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರವಿಲ್ಲ ಎಂಬುದನ್ನು ವೈದ್ಯ ಅರಿತಿರಬೇಕು. ಲಕ್ಷಣವಿಲ್ಲದವನ ಪರೀಕ್ಷೆ ಬೇರೆ, ಲಕ್ಷಣವಿರುವವನ ಪರೀಕ್ಷೆ ಬೇರೆ. ಈ ಗೆರೆಯನ್ನು ಕಾಣದ ವೈದ್ಯನಿಗೆ ಉಳಿದದ್ದೆಲ್ಲ ಗೊತ್ತಿದ್ದರೂ ಅದು ರೋಗಿಯ ಕೈಹಿಡಿಯುವುದಿಲ್ಲ.

ಭಾರತದ ಮಟ್ಟಿಗೆ ಇಡೀ ವಿಷಯದ ತಿರುಳು ಇರುವುದು ಈ ಗೆರೆಯಲ್ಲೇ. ಇಲ್ಲಿನ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಡಿ ಮೂವತ್ತು ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರುಗಳ ತಪಾಸಣೆಯನ್ನು ವಿಧಿಸಲಾಗಿದೆ. ದೊಡ್ಡ ಕರುಳಿನ ಕ್ಯಾನ್ಸರ್ ಆ ಪಟ್ಟಿಯಲ್ಲಿಲ್ಲ. ಅದನ್ನು ನಿರ್ಲಕ್ಷ್ಯವೆಂದು ದೂರುವುದು ಸುಲಭ, ಆದರೆ ಆ ನಿರ್ಧಾರಕ್ಕೆ ಕಾರಣವಿದೆ. ವಯೋಮಾನದ ವ್ಯತ್ಯಾಸವನ್ನು ಸರಿದೂಗಿಸಿ ನೋಡಿದಾಗ ಭಾರತದಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಈ ರೋಗ ಬರುವುದು ಸುಮಾರು ಐವರಿಗೆ. ಅಮೆರಿಕದಲ್ಲಿ ಅದು ಇಪ್ಪತ್ತೈದಕ್ಕೂ ಹೆಚ್ಚು. ರೋಗ ವಿರಳವಾಗಿರುವ ಕಡೆ ಅದೇ ಪರೀಕ್ಷೆಯನ್ನು ಎಲ್ಲರ ಮೇಲೂ ಪ್ರಯೋಗಿಸಿದರೆ ಪಾಸಿಟಿವ್ ಬಂದವರಲ್ಲಿ ನಿಜವಾದ ರೋಗಿಗಳ ಪಾಲು ಕುಗ್ಗುತ್ತದೆ. ಮೂಲವ್ಯಾಧಿ, ಆಮಶಂಕೆ ಮುಂತಾದ ಕಾರಣಗಳಿಂದ ರಕ್ತ ಕಾಣುವವರ ಸಂಖ್ಯೆ ದೊಡ್ಡದಿರುವ ನಾಡಿನಲ್ಲಿ ಅದು ಇನ್ನಷ್ಟು ಕುಗ್ಗೀತು. ರೋಗನಿರ್ಣಯ ಮತ್ತು ಚಿಕಿತ್ಸೆಯ ಸೌಲಭ್ಯ ಕೈಗೆಟುಕುವಂತಿದ್ದರೆ ಮಾತ್ರ ಸ್ಕ್ರೀನಿಂಗ್ ಆರಂಭಿಸಬೇಕು ಎಂಬುದು ವಿಲ್ಸನ್ ಮತ್ತು ಯುಂಗ್ನರ್ 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ರೂಪಿಸಿದ ತತ್ವಗಳಲ್ಲೊಂದು. ಕೊಲೊನೋಸ್ಕೋಪಿ ಮಾಡಬಲ್ಲ ತಜ್ಞರು ಬಹುಪಾಲು ವೈದ್ಯಕೀಯ ಕಾಲೇಜುಗಳಲ್ಲೂ ನಗರಗಳ ಖಾಸಗಿ ಆಸ್ಪತ್ರೆಗಳಲ್ಲೂ ಇರುವಾಗ, ಹೋಬಳಿ ಮಟ್ಟದಲ್ಲಿ ಕಿಟ್ ಹಂಚಿ ಪಾಸಿಟಿವ್ ಬಂದವರನ್ನು ಭಯದಲ್ಲಿ ಬಿಟ್ಟುಬಿಡುವುದು ಉಪಕಾರವಾಗಲಾರದು.

ಆದುದರಿಂದ ಅಮೆರಿಕದ ಪ್ರಶ್ನಾವಳಿಯನ್ನು ಇಲ್ಲಿಗೆ ತಂದು, ತಪಾಸಣೆ 45ಕ್ಕೆ ಆರಂಭವೆಂದು ಹೇಳಲಾರದ ಕರ್ನಾಟಕದ ವೈದ್ಯಾಧಿಕಾರಿಯನ್ನು ಅಜ್ಞಾನಿಯೆನ್ನುವುದರಲ್ಲಿ ಅರ್ಥವಿಲ್ಲ. ಆತನಿಗೆ ಆ ಅಂಕಿಯಿಂದ ಮಾಡಬಹುದಾದ ಕೆಲಸವೇ ಇಲ್ಲ. ಇಲ್ಲಿನ ಅಂಕಿಗಳು ಬೇರೆಯ ಕಡೆಗೆ ಬೆರಳು ಮಾಡುತ್ತವೆ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 800 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ವರದಿಯಲ್ಲಿ ರೋಗಿಗಳ ಸರಾಸರಿ ವಯಸ್ಸು ಸುಮಾರು 47. ಗಡ್ಡೆ ಅತಿ ಹೆಚ್ಚಾಗಿ ಕಂಡದ್ದು ಗುದನಾಳದಲ್ಲಿ. ದೇಶದ ಜನಸಂಖ್ಯೆಯಲ್ಲಿ ಕಿರಿಯರೇ ಹೆಚ್ಚಿರುವುದರಿಂದ ಸರಾಸರಿ ವಯಸ್ಸು ಒಂದಿಷ್ಟು ಕೆಳಗಿಳಿಯುವುದು ಸಹಜವೇ, ಮತ್ತು ಒಂದು ದೊಡ್ಡ ಆಸ್ಪತ್ರೆಗೆ ಬಂದವರು ಇಡೀ ದೇಶದ ಪ್ರತಿನಿಧಿಗಳಲ್ಲ. ಆದರೂ 45ಕ್ಕೋ 50ಕ್ಕೋ ಆರಂಭವಾಗುವ ಯಾವ ಸ್ಕ್ರೀನಿಂಗ್ ಕೂಡ ಇಂಥ ರೋಗಿಗಳಲ್ಲಿ ದೊಡ್ಡ ಪಾಲನ್ನು ತಲುಪುತ್ತಿರಲಿಲ್ಲ ಎಂಬುದು ಸ್ಪಷ್ಟ. ಅವರನ್ನು ತಲುಪಬಹುದಾಗಿದ್ದವನು ಮೊದಲ ದಿನ ‘ರಕ್ತ ಹೋಗ್ತಿದೆ ಡಾಕ್ಟ್ರೇ’ ಎಂದಾಗ ಎದುರಿಗೆ ಕೂತಿದ್ದ ವೈದ್ಯ.

ಆ ಮೊದಲ ದಿನ ಏನಾಗುತ್ತದೆಂಬುದನ್ನು ಊಹಿಸುವುದು ಕಷ್ಟವಲ್ಲ. ಮಲದಲ್ಲಿ ರಕ್ತವೆಂದರೆ ಮೂಲವ್ಯಾಧಿ ಎಂಬ ಸಮೀಕರಣ ರೋಗಿಯ ಮನಸ್ಸಿನಲ್ಲೂ ಔಷಧದಂಗಡಿಯವನ ಮನಸ್ಸಿನಲ್ಲೂ ಸಿದ್ಧವಾಗಿಯೇ ಇರುತ್ತದೆ. ಪೇಟೆಬೀದಿಯ ‘ಆಪರೇಷನ್ ಇಲ್ಲದೆ ಪೈಲ್ಸ್ ವಾಸಿ’ ಫಲಕಗಳು ಅದನ್ನು ಗಟ್ಟಿ ಮಾಡುತ್ತವೆ. ಹತ್ತರಲ್ಲಿ ಹೆಚ್ಚಿನ ಸಲ ಆ ಸಮೀಕರಣ ಸರಿಯೂ ಇರುವುದರಿಂದಲೇ ಅದು ಅಪಾಯಕಾರಿ. ರಕ್ತದ ಜೊತೆ ಭೇದಿಯೂ ಇದ್ದರೆ ಆಮಶಂಕೆಯೆಂದು ಮೆಟ್ರೊನಿಡಜೋಲ್ ಬರೆಯಲಾಗುತ್ತದೆ. ಕಡಿಮೆಯಾಗದಿದ್ದರೆ ಇನ್ನೊಂದು ಬಾರಿ ಬರೆಯಲಾಗುತ್ತದೆ. ಈ ಸರಣಿಯನ್ನು ಮುರಿಯಲು ಯಂತ್ರ ಬೇಕಿಲ್ಲ, ಕೈಗವಸು ಹಾಕಿದ ಬೆರಳು ಸಾಕು: ಗುದನಾಳದ ಕೆಳಭಾಗದ ಅನೇಕ ಗಡ್ಡೆಗಳು ಬೆರಳಿಗೆ ಎಟುಕುತ್ತವೆ. ಬೆರಳು ಪರೀಕ್ಷೆ ಸ್ಕ್ರೀನಿಂಗ್‌ಗೆ ನಿಷ್ಪ್ರಯೋಜಕವಾದರೂ ರಕ್ತಸ್ರಾವದ ರೋಗಿಯಲ್ಲಿ ಅದನ್ನು ಬಿಡುವುದು ಅಕ್ಷಮ್ಯ. ಆದರೂ ಅದು ನಡೆಯುವುದಿಲ್ಲವೆಂದರೆ ವೈದ್ಯರಿಗೆ ತಿಳಿಯದೆಂದಲ್ಲ, ಎಂಬಿಬಿಎಸ್‌ನಲ್ಲಿ ಎಲ್ಲರೂ ಅದನ್ನು ಕಲಿತವರೇ. ಹೊರರೋಗಿ ವಿಭಾಗದಲ್ಲಿ ಎಪ್ಪತ್ತು ಎಂಬತ್ತು ಜನ ಕಾಯುತ್ತಿರುವಾಗ, ಪರದೆಯ ಮರೆಯಾಗಲಿ ಜೊತೆಗೆ ನಿಲ್ಲಲು ನರ್ಸ್ ಆಗಲಿ ಇಲ್ಲದಿರುವಾಗ, ರೋಗಿ ಹೆಂಗಸಾಗಿದ್ದು ವೈದ್ಯ ಗಂಡಸಾಗಿರುವಾಗ, ಇಬ್ಬರ ಸಂಕೋಚವೂ ಸೇರಿ ಪರೀಕ್ಷೆ ಮುಂದಕ್ಕೆ ಹೋಗುತ್ತದೆ. ಇದನ್ನು ಉಪನ್ಯಾಸದಿಂದ ಸರಿಪಡಿಸಲಾಗದು. ಒಂದು ಪರದೆ ಮತ್ತು ಒಬ್ಬ ನರ್ಸ್‌ನಿಂದ ಬಹುಮಟ್ಟಿಗೆ ಸರಿಪಡಿಸಬಹುದು.

ರಕ್ತಹೀನತೆಯ ವಿಷಯದಲ್ಲಿ ಮಾತ್ರ ತಿಳಿವಳಿಕೆಯ ಕೊರತೆ ನಿಜವಾಗಿಯೂ ಕೊರತೆಯೇ. ಕರುಳಿನ ಬಲಭಾಗದ ಗಡ್ಡೆ ಕಣ್ಣಿಗೆ ಕಾಣುವಂತೆ ರಕ್ತ ಸುರಿಸದೆ ತಿಂಗಳುಗಟ್ಟಲೆ ಒಸರಿ ಕಬ್ಬಿಣಾಂಶವನ್ನು ಬರಿದು ಮಾಡುತ್ತದೆ. ರೋಗಿ ಬರುವುದು ಸುಸ್ತು ಎಂದು. ಕಬ್ಬಿಣದ ಮಾತ್ರೆ ಕೊಟ್ಟಾಗ ಹಿಮೋಗ್ಲೋಬಿನ್ ಒಂದಿಷ್ಟು ಏರಿ ಎಲ್ಲರಿಗೂ ಸಮಾಧಾನವಾಗುತ್ತದೆ. ಗಂಡಸರಲ್ಲಿ ಮತ್ತು ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣದ ಕೊರತೆಗೆ ಕಾರಣ ಹುಡುಕದೆ ಮಾತ್ರೆ ಬರೆಯಬಾರದು ಎಂಬ ನಿಯಮ ಎಲ್ಲ ದೇಶಗಳಿಗೂ ಒಂದೇ, ಆದರೆ ರಕ್ತಹೀನತೆ ಮನೆಮನೆಯಲ್ಲೂ ಇರುವ ನಾಡಿನಲ್ಲಿ ಅದಕ್ಕೊಂದು ಕಾರಣವಿರಬೇಕೆಂಬ ಕುತೂಹಲವೇ ಸತ್ತುಹೋಗುತ್ತದೆ. ಕುಟುಂಬದ ಇತಿಹಾಸ ಕೇಳುವುದೂ ಹೀಗೆಯೇ ಬಿಟ್ಟುಹೋದ ಕೆಲಸ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಒಬ್ಬರಿಗೆ ಈ ಕ್ಯಾನ್ಸರ್ ಬಂದಿದ್ದರೆ ಅಪಾಯ ಸುಮಾರು ಎರಡು ಪಟ್ಟು ಆಗುತ್ತದೆ. ಲಿಂಚ್ ಸಿಂಡ್ರೋಮ್ ಎಂಬ ಆನುವಂಶಿಕ ದೋಷವಿರುವ ಮನೆತನಗಳಲ್ಲಿ ದೋಷವಿರುವವರ ಪ್ರತಿ ಮಗುವಿಗೂ ಆ ದೋಷ ಬರುವ ಸಂಭವ ಅರ್ಧಕ್ಕರ್ಧ. ದೊಡ್ಡ ಕರುಳಿನ ಜೊತೆಗೆ ಗರ್ಭಕೋಶದ ಕ್ಯಾನ್ಸರೂ ಅಂಥ ಮನೆಗಳಲ್ಲಿ ಚಿಕ್ಕ ವಯಸ್ಸಿನಲ್ಲೇ ಕಾಣಿಸಿಕೊಳ್ಳುತ್ತದೆ, ಮತ್ತು ಅವರಿಗೆ ಇಪ್ಪತ್ತರ ಹರೆಯದಿಂದಲೇ ಒಂದೆರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ ಬೇಕಾಗುತ್ತದೆ. ಮಿಷಿಗನ್ನಿನ ಆಲ್ಡ್ರೆಡ್ ವಾರ್ಥಿನ್ 1913ರಲ್ಲಿ ಇಂಥ ಮನೆತನವೊಂದನ್ನು ಮೊದಲು ವರ್ಣಿಸಿದ್ದು ಯಾವ ಜೀನ್ ಪರೀಕ್ಷೆಯ ನೆರವೂ ಇಲ್ಲದೆ, ವಂಶವೃಕ್ಷವನ್ನು ಕೇಳಿ ಬರೆದುಕೊಂಡು. ಇಲ್ಲಿ ‘ಅಪ್ಪನಿಗೆ ಹೊಟ್ಟೆಯಲ್ಲಿ ಗಡ್ಡೆಯಾಗಿತ್ತು’, ‘ಚಿಕ್ಕಮ್ಮ ರಕ್ತಸ್ರಾವವಾಗಿ ತೀರಿಕೊಂಡರು’ ಎಂಬಷ್ಟೇ ಉತ್ತರ ಸಿಗಬಹುದು. ಎಷ್ಟು ವಯಸ್ಸಿಗೆ, ಯಾವ ಆಸ್ಪತ್ರೆಯಲ್ಲಿ ಎಂದು ಇನ್ನೆರಡು ಪ್ರಶ್ನೆ ಕೇಳುವ ವ್ಯವಧಾನವಿದ್ದರೆ ಅಷ್ಟರಿಂದಲೇ ಬಹಳಷ್ಟು ಹೊಳೆಯುತ್ತದೆ. ಭಾರತದಲ್ಲಿ ಲಕ್ಷಣವಿಲ್ಲದವರ ಸ್ಕ್ರೀನಿಂಗ್‌ಗೆ ಇಂದೇ ಅರ್ಹರಾದವರು ಯಾರಾದರೂ ಇದ್ದರೆ ಅವರು ಈ ಮನೆಗಳ ಮಕ್ಕಳು.

ನಗರಗಳ ಮೇಲ್ವರ್ಗದವರ ಸ್ಥಿತಿ ಇದಕ್ಕೆ ತದ್ವಿರುದ್ಧ. ಆಹಾರ, ಬೊಜ್ಜು, ಆಯುಷ್ಯ ಇವೆಲ್ಲ ಪಶ್ಚಿಮದ ದೇಶಗಳನ್ನು ಹೋಲತೊಡಗಿರುವ ಜನರಿಗೆ ಪಶ್ಚಿಮದ ಮಾರ್ಗಸೂಚಿಯೇ ಸಲ್ಲುತ್ತದೆ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಸಾಮರ್ಥ್ಯವಿರುವ ಐವತ್ತು ದಾಟಿದ ವ್ಯಕ್ತಿ ತಾನಾಗಿ ಕೇಳಿದರೆ ಫಿಟ್ ಅಥವಾ ಕೊಲೊನೋಸ್ಕೋಪಿಯನ್ನು ಸೂಚಿಸುವುದರಲ್ಲಿ ತಪ್ಪಿಲ್ಲ. ಆದರೆ ಆ ಜನರಿಗೆ ಮಾರಲಾಗುತ್ತಿರುವ ಅನೇಕ ‘ಮಾಸ್ಟರ್ ಹೆಲ್ತ್ ಚೆಕಪ್’ ಪ್ಯಾಕೇಜುಗಳಲ್ಲಿ ಇವೆರಡರ ಬದಲು ಸಿಇಎ ಎಂಬ ರಕ್ತಪರೀಕ್ಷೆ ಸೇರಿರುತ್ತದೆ. ಅದು ಕ್ಯಾನ್ಸರ್ ಖಚಿತವಾದವರಲ್ಲಿ ಚಿಕಿತ್ಸೆಯ ನಂತರ ರೋಗ ಮರುಕಳಿಸಿತೇ ಎಂದು ನೋಡಲು ಬಳಸುವ ಪರೀಕ್ಷೆ. ಆರಂಭದ ಹಂತದ ಕ್ಯಾನ್ಸರಿನಲ್ಲಿ ಬಹಳ ಸಲ ಸಹಜವಾಗಿಯೇ ಇರುತ್ತದೆ, ಧೂಮಪಾನಿಗಳಲ್ಲಿ ಕ್ಯಾನ್ಸರ್ ಇಲ್ಲದೆಯೂ ಏರುತ್ತದೆ, ಸ್ಕ್ರೀನಿಂಗ್‌ಗೆ ಅದನ್ನು ಯಾವ ಪ್ರಮುಖ ಮಾರ್ಗಸೂಚಿಯೂ ಒಪ್ಪುವುದಿಲ್ಲ. ಅದರ ವರದಿ ಹಿಡಿದು ಬಂದ ರೋಗಿಗೆ, ಇದರಿಂದ ನೆಮ್ಮದಿಯನ್ನೂ ಪಡೆಯಬೇಡಿ, ಭಯವನ್ನೂ ಪಡಬೇಡಿ ಎಂದು ಹೇಳಬಲ್ಲ ಕುಟುಂಬ ವೈದ್ಯನ ತಿಳಿವಳಿಕೆಗೆ ಬೆಲೆ ಕಟ್ಟುವ ಪ್ರಶ್ನಾವಳಿಯೂ ಬೇಕಾಗಿದೆ.

ಪ್ರಾಥಮಿಕ ವೈದ್ಯರ ತಿಳಿವಳಿಕೆಯನ್ನು ಅಳೆಯಲೇಬೇಕೆಂದಿದ್ದರೆ ಅವರ ಉತ್ತರಗಳಿಗಿಂತ ಅವರ ದಾಖಲೆಗಳನ್ನು ನೋಡುವುದು ಲೇಸು. ಪಾಸಿಟಿವ್ ಫಿಟ್ ಬಂದ ಮೇಲೆ ಕೊಲೊನೋಸ್ಕೋಪಿ ಹತ್ತು ತಿಂಗಳಿಗಿಂತ ತಡವಾದವರಲ್ಲಿ ಕ್ಯಾನ್ಸರ್, ಅದರಲ್ಲೂ ಮುಂದುವರಿದ ಹಂತದ ಕ್ಯಾನ್ಸರ್ ಸಿಗುವ ಸಂಭವ ಹೆಚ್ಚೆಂಬುದನ್ನು ಕ್ಯಾಲಿಫೋರ್ನಿಯಾದ ಎಪ್ಪತ್ತು ಸಾವಿರ ರೋಗಿಗಳ ಅಧ್ಯಯನ 2017ರಲ್ಲಿ ತೋರಿಸಿದ್ದು ವೈದ್ಯರನ್ನು ಪ್ರಶ್ನಿಸಿ ಅಲ್ಲ, ದಿನಾಂಕಗಳನ್ನು ಹೋಲಿಸಿ. ಕರ್ನಾಟಕದ ಯಾವುದೇ ತಾಲ್ಲೂಕು ಆಸ್ಪತ್ರೆಯಲ್ಲೂ ಇದರ ಸರಳ ರೂಪವೊಂದು ಸಾಧ್ಯ. ಹೊರರೋಗಿ ವಿಭಾಗದ ಪುಸ್ತಕದಲ್ಲಿ ಕಳೆದ ವರ್ಷ ‘ಮೂಲವ್ಯಾಧಿ’ ಎಂದು ಬರೆದಿರುವ ನೂರು ನಮೂದುಗಳನ್ನು ತೆಗೆದು, ಎಷ್ಟರ ಎದುರು ಬೆರಳು ಪರೀಕ್ಷೆಯ ಉಲ್ಲೇಖವಿದೆ, ಎಷ್ಟು ಮಂದಿಯನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸಲಾಗಿದೆ, ಕಳಿಸಿದವರಲ್ಲಿ ಎಷ್ಟು ಜನ ಅಲ್ಲಿಗೆ ತಲುಪಿದರು ಎಂದು ನೋಡಬಹುದು. ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ಒಂದೇ ಮಧ್ಯಾಹ್ನದಲ್ಲಿ ಸಿಗುತ್ತದೆ. ಮೂರನೆಯದಕ್ಕೆ ಜಿಲ್ಲಾ ಆಸ್ಪತ್ರೆಯಿಂದ ತಾಲ್ಲೂಕಿಗೆ ಹಿಂದಿರುಗುವ ಒಂದು ಚೀಟಿಯ ವ್ಯವಸ್ಥೆ ಮೊದಲು ಆಗಬೇಕು.